ಆಪಾ ನಂಬಿ ಬಿಟ್ಟ ಅಕ್ರೋಟದ ಕಪಾಟು

ಫೋನ್ ಬಂದಾಗ ನಾನು ಪಟಾನ್‌ಚೆರುವಿನಿಂದ ಕಂಪನಿ ಬಸ್ಸಿನಲ್ಲಿ ಮನೆಗೆ ಹೊರಟಿದ್ದೆ. ಗುರುತಿಲ್ಲದ ನಂಬರು. ಎತ್ತಿದರೆ ಒಬ್ಬ ಹೆಂಗಸು ಹಿಂದಿಯಲ್ಲಿ ಅಪ್ಪನ ಹೆಸರು ಹೇಳಿ, ನೀವು ಅವರ ಮಗಳೇ ಎಂದು ಕೇಳಿದಳು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವನ ಹೆಸರು ಅಪರಿಚಿತರ ಬಾಯಲ್ಲಿ ಕೇಳಿದೊಡನೆ ಅಂಜಿದೆ. ಯಾವುದೋ ಹಳೆಯ ಕಾಗದ, ಯಾವುದೋ ಕೋರ್ಟು ಕಚೇರಿ ಎಂದುಕೊಂಡೆ.

ಅದೇನೂ ಅಲ್ಲ. ಅವಳು ಪುಣೆಯಿಂದ ಮಾತಾಡುತ್ತಿದ್ದಳು. ಅಪ್ಪ ಕೆಲಸ ಮಾಡುತ್ತಿದ್ದ ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯವರಿಂದ ನನ್ನ ನಂಬರು ಪಡೆದಿದ್ದಳು. ಕಾಚಿಗೂಡದಲ್ಲಿ ನಾವು ಹಿಂದೆ ಬಾಡಿಗೆಗಿದ್ದ ಮನೆಯ ಒಡತಿ ಅವಳ ಸೋದರತ್ತೆಯಂತೆ, ಅವಳ ಮಾತಿನಲ್ಲಿ ಫುಪ್ಪು. ಮುಂದಿನ ಭಾನುವಾರ ಅವರನ್ನು ಕರೆದುಕೊಂಡು ಹೈದರಾಬಾದಿಗೆ ಬರುತ್ತಾಳಂತೆ. “ಫುಪ್ಪು ಒಂದೇ ಮಾತು ಕೇಳ್ತಾ ಇದಾರೆ,” ಎಂದಳು. “ಆ ಕಪಾಟು ಇದೆಯಾ ಅಂತ.”

“ಇದೆ,” ಎಂದೆ.

ನಾನು ಹೇಳಿದ್ದು ಸುಳ್ಳಲ್ಲ. ಕಪಾಟು ನಮ್ಮ ಮನೆಯಲ್ಲೇ ಇತ್ತು. ಆದರೆ ಅವರು ಬಿಟ್ಟುಹೋದ ಕಪಾಟು ಅದಾಗಿ ಉಳಿದಿರಲಿಲ್ಲ.

ನಮ್ಮದು ಬಾಗಲಕೋಟೆ ಕಡೆಯ ಮನೆತನ. ಅಪ್ಪನ ಕೆಲಸಕ್ಕಾಗಿ ಹೈದರಾಬಾದಿಗೆ ಬಂದವರು ಕಾಚಿಗೂಡ ಸ್ಟೇಷನ್ನಿನ ಹಿಂದೆ ಒಂದು ಹಳೇ ಮನೆಯ ಎರಡು ಕೋಣೆ ಹಿಡಿದಿದ್ದೆವು. ಮುಂಭಾಗದಲ್ಲಿ ಮನೆಯ ಒಡತಿ ಒಬ್ಬರೇ ಇದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ತಾಯಿಯ ತವರು ಬೀದರ್ ಆದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. ಊರಿಗೆ ಹೊಸಬಳಾಗಿದ್ದ ಅವ್ವನಿಗೆ ಮಾತಾಡಲು ಸಿಕ್ಕವರು ಅವರೊಬ್ಬರೇ. ಅವ್ವ ಅವರನ್ನು ಅಕ್ಕ ಎನ್ನುವ ಅರ್ಥದಲ್ಲಿ ಆಪಾ ಎಂದು ಕರೆದಳು. ನಾನೂ ಹಾಗೇ ಕರೆದೆ.

ಆಪಾನ ನಡುಮನೆಯಲ್ಲಿ ಆ ಕಪಾಟು ಇತ್ತು. ನಮ್ಮ ಊರ ಕಡೆಯ ಕಪಾಟುಗಳಂತೆ ಎತ್ತರವಲ್ಲ. ಅಡ್ಡಕ್ಕೆ ಆರಡಿ ಉದ್ದ, ಎತ್ತರ ದೊಡ್ಡವರ ಸೊಂಟದವರೆಗೆ ಮಾತ್ರ. ಎಡಕ್ಕೆ ಮೂರು ಖಾನೆ, ಬಲಕ್ಕೆ ಸರಿಸಿ ತೆಗೆಯುವ ಎರಡು ಬಾಗಿಲು. ಹಿಡಿಕೆ ಇರಲಿಲ್ಲ, ಬೆರಳು ತೂರಿಸಲು ಮರದಲ್ಲೇ ಕೊರೆದ ಕುಳಿ. ಕೆಳಗೆ ಹೋದಂತೆ ಸಣ್ಣಗಾಗುವ ನಾಲ್ಕು ಕಾಲುಗಳು ತುಸು ಹೊರಕ್ಕೆ ಚಾಚಿ ನಿಂತಿದ್ದವು. ರೈಲ್ವೆಯಲ್ಲಿ ಎಂಜಿನಿಯರ್ ಆಗಿದ್ದ ಆಪಾನ ತಂದೆ, ಆಪಾಗೆ ನೌಕರಿ ಸಿಕ್ಕಾಗ, ವಿಲಾಯತಿ ಪತ್ರಿಕೆಯೊಂದರ ಚಿತ್ರ ತೋರಿಸಿ ಮಾಡಿಸಿದ್ದಂತೆ. ಕಾಶ್ಮೀರದ ಅಕ್ರೋಟದ ಮರ. ಅಷ್ಟುದ್ದ ಯಾಕೆಂದರೆ ಶಾಲೆಯ ನಕ್ಷೆಗಳನ್ನು ಮಡಚದೆ ಇಡಬೇಕಿತ್ತು. ಬೆಳಗಿನ ಬಿಸಿಲು ಬಿದ್ದಾಗ ಮರದೊಳಗಿನ ಗೆರೆಗಳು ಹೊಗೆ ಎದ್ದ ಹಾಗೆ ಕಾಣುತ್ತಿದ್ದವು. ನಾನು ಬೆರಳಿನಿಂದ ಆ ಗೆರೆ ಹಿಡಿದು ಹೋಗುತ್ತಿದ್ದೆ. ಆಪಾ ಬೈಯುತ್ತಿರಲಿಲ್ಲ. “ಕೈ ತೊಳಕೊಂಡು ಮುಟ್ಟು,” ಎನ್ನುತ್ತಿದ್ದರು, ಅಷ್ಟೇ.

ನನಗೆ ಹನ್ನೆರಡು ವರ್ಷವಿದ್ದಾಗ ಪುಣೆಯಲ್ಲಿದ್ದ ಅವರ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಆಪಾ ನೌಕರಿ ಬಿಟ್ಟು ಹೊರಟರು. ಮುಂಭಾಗವನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟರು. ಆ ಕಪಾಟನ್ನು ಮಾತ್ರ ಹಮಾಲರಿಂದ ಎತ್ತಿಸಿ ನಮ್ಮ ಕೋಣೆಗೆ ತಂದಿಡಿಸಿ, ಅದರ ಸಣ್ಣ ಹಿತ್ತಾಳೆಯ ಕೀಲಿಯನ್ನು ಅವ್ವನ ಕೈಯಲ್ಲಿಟ್ಟರು.

“ಇದು ಅಮಾನತ್ ಅದ. ಬ್ಯಾರೆಯವರ ಕೈಗೆ ಕೊಡಾಕ ಮನಸಿಲ್ಲ. ಆರು ತಿಂಗಳಾದ ಮ್ಯಾಲ ಬಂದು ಒಯ್ತೀನಿ.”

ಅಮಾನತ್ ಎಂದರೆ ನಂಬಿ ಇಟ್ಟದ್ದು, ಕೇಳಿದ ದಿನ ಇದ್ದಂತೆಯೇ ಹಿಂದಿರುಗಿಸಬೇಕಾದದ್ದು. ಅವ್ವ ಆ ಮಾತನ್ನು ಎಷ್ಟು ಹಚ್ಚಿಕೊಂಡಳೆಂದರೆ ಮೊದಲ ವರ್ಷ ಅದರ ಮೇಲೆ ಒಂದು ಲೋಟ ಇಡಲೂ ಬಿಡಲಿಲ್ಲ.

ಆಪಾ ಬರಲಿಲ್ಲ. ಮೂರು ಕಾಗದ ಬಂದವು, ಆಮೇಲೆ ಅದೂ ನಿಂತಿತು. ಮನೆಯನ್ನು ಅವರ ಅಣ್ಣನ ಮಕ್ಕಳು ಮಾರಿದರು. ಕೊಂಡವರು ನಮ್ಮನ್ನು ಬಿಡಿಸಿದರು. ನಾವು ಅಲ್ಲೇ ಎರಡು ಬೀದಿ ಆಚೆ ಅಪಾರ್ಟ್‌ಮೆಂಟಿನ ಎರಡನೇ ಮಹಡಿಗೆ ಹೋದೆವು, ಕಪಾಟೂ ನಮ್ಮ ಜೊತೆ ಬಂತು. ಅದರ ಕೆಟ್ಟ ದಿನಗಳು ಶುರುವಾದದ್ದು ಅಲ್ಲಿ. ಆರಡಿಯ ಕಪಾಟು ಹಿಡಿಸುವ ಗೋಡೆ ಆ ಮನೆಯಲ್ಲಿ ಒಂದೇ ಇತ್ತು, ಅದೂ ಕಿಟಕಿಯ ಕೆಳಗೆ. ಕಿಟಕಿಯ ಬಾಗಿಲು ಒಳಕ್ಕೆ ತೆರೆಯುವಂಥದ್ದು, ಕಪಾಟಿನ ನೆತ್ತಿಗೆ ತಾಗುತ್ತಿತ್ತು. ಬೇಸಿಗೆ ಬಂತು. ಅಪ್ಪ ಒಂದು ಭಾನುವಾರ ಗರಗಸ ತಂದು ನಾಲ್ಕೂ ಕಾಲುಗಳನ್ನು ನಾಲ್ಕು ನಾಲ್ಕು ಬೆರಳು ಕೊಯ್ದುಬಿಟ್ಟ. ಅವ್ವ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಆಮೇಲೆ ಒಂದು ಮಳೆಗಾಲ ಗೋಡೆ ಜಿನುಗಿ ಪಾಲಿಶ್ ಬೆಳ್ಳಗೆ ಹೊಟ್ಟೆದ್ದಿತು. ಅಂಗಡಿಯ ಶಟರಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ಅಪ್ಪ ತಂದು ಬಳಿದ. ಬಿಸಿ ಕುಕ್ಕರ್ ಇಟ್ಟು ನೆತ್ತಿಯ ಮೇಲೆ ದುಂಡಗೆ ಕಲೆಯಾಯಿತು. ಕೀಲಿ ಕಳೆದುಹೋಗಿ ಬಾಗಿಲನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಬೇಕಾಯಿತು. ಹಿಟ್ಟು, ಬೇಳೆ, ಉಪ್ಪಿನಕಾಯಿ, ಹಪ್ಪಳ, ಇಂಗಿನ ಡಬ್ಬಿ, ಎಲ್ಲವೂ ಅದರೊಳಗೆ ಹೋದವು. ಅದನ್ನು ಹಸಿರು ಕಪಾಟು ಎನ್ನಲು ಶುರುಮಾಡಿದೆವು. ಇದೆಲ್ಲ ಒಂದೇ ದಿನ ಆದದ್ದಲ್ಲ. ಮೂವತ್ತೆರಡು ವರ್ಷ ಹಿಡಿದಿತ್ತು.

ಆ ಸಂಜೆ ಅವ್ವನಿಗೆ ಫೋನಿನ ವಿಷಯ ಹೇಳಿದಾಗ ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು.

“ಆಪಾ ಅದಾರನ ಇನ್ನೂ?”

“ಅದಾರ. ಎಂಬತ್ತರ ಮ್ಯಾಲಾಗಿರಬೇಕು. ಕಪಾಟು ಐತೇನು ಅಂತ ಕೇಳ್ಯಾರ.”

“ನೀ ಏನಂದಿ?”

“ಐತಿ ಅಂದೆ.”

“ಅಯ್ಯ ಶಿವನ! ಇಲ್ಲ ಅನಬೇಕಿಲ್ಲೇನ? ಮನಿ ಬದಲಿ ಮಾಡುವಾಗ ಕಳವಾತು ಅಂದಿದ್ರ ಮುಗೀತಿತ್ತು.” ಅವಳು ಎದ್ದು ಕಪಾಟಿನ ಎದುರು ಹೋಗಿ ನಿಂತಳು. ಅದರ ಮೇಲೆ, ಕಿಟಕಿಯ ಬಾಗಿಲು ತಾಗದ ತುದಿಯಲ್ಲಿ, ಟಿವಿ ಇತ್ತು, ದೇವರ ಫೋಟೋ ಇತ್ತು, ಅವಳ ಬಿಪಿ ಮಾತ್ರೆಗಳಿದ್ದವು. “ಹ್ಯಾಂಗ ಮುಖ ತೋರಿಸಲಿ ನಾ ಅವರಿಗೆ? ಇದ್ದಂಗ ಇಡು ಅಂದಿದ್ರು.”

ಅವತ್ತಿನಿಂದ ಅವಳು ಊಟ ಸರಿಯಾಗಿ ಮಾಡಲಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಬಿಪಿ ನೋಡಿದರೆ ಮೇಲೆ. ನಾನು ಔಷಧಿ ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿ ತಪಾಸಣೆ ಮಾಡುವವಳು. ಮಾತ್ರೆಯ ಮೂಲೆ ಮುರಿದದ್ದು, ಬಣ್ಣ ಮಾಸಿದ್ದು, ಪಟ್ಟಿಯಲ್ಲಿ ಒಂದು ಕುಳಿ ಖಾಲಿ ಇದ್ದದ್ದು ಹುಡುಕಿ ತೆಗೆಯುವುದೇ ಕೆಲಸ. ಕುಂದು ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಅಷ್ಟು ವರ್ಷ ಕಪಾಟಿನ ಮುಂದೆ ಓಡಾಡಿದವಳಿಗೆ ಈಗ ಅದರ ಒಂದೊಂದು ಗಾಯವೂ ಕಾಣತೊಡಗಿತು. ಪಟಾನ್‌ಚೆರುವಿನಲ್ಲಿ ಬೆಲ್ಟಿನ ಮೇಲೆ ಸಾಗುವ ಬಿಳಿ ಮಾತ್ರೆಗಳನ್ನು ನೋಡುತ್ತ ನಿಂತವಳಿಗೆ ಆ ಕೊಯ್ದ ಕಾಲುಗಳದೇ ನೆನಪು.

ಮೂರು ದಿನ ರಜೆ ಹಾಕಿದೆ. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ಹಳೇ ಪೀಠೋಪಕರಣಕ್ಕೆ ಪಾಲಿಶ್ ಮಾಡುವ ಮುದುಕ ಮಿಸ್ತ್ರಿಯೊಬ್ಬರನ್ನು ಹುಡುಕಿ ಮನೆಗೇ ಕರೆತಂದೆ. ಅವರು ಕನ್ನಡಕ ಏರಿಸಿ, ಉಗುರಿನಿಂದ ಒಂದು ಮೂಲೆಯ ಹಸಿರನ್ನು ಕೆರೆದು, ಎಂಜಲು ಹಚ್ಚಿ ಉಜ್ಜಿ ನೋಡಿ, ನನ್ನ ಕಡೆ ತಿರುಗಿದರು.

“ಕೋನ್ ಕರಾ ಯೇ?” ಯಾರು ಮಾಡಿದ್ದು ಇದು ಎಂದು ಕೇಳಿದರು. ಗೋಡೆಯ ಮೇಲೆ ಅಪ್ಪನ ಫೋಟೋ ಇತ್ತು.

ಬಣ್ಣ ತೆಗೆಯಬಹುದು ಎಂದರು. ಆದರೆ ಅಕ್ರೋಟ ಇರುವುದು ಮೇಲಿನ ಪದರ ಮಾತ್ರ, ಒಳಗೆ ಬೇರೆ ಮರ. “ಚಮಡೀ ಹೈ, ಅಮ್ಮಾ, ನಾಖೂನ್ ಕೆ ಬರಾಬರ್.” ಚರ್ಮವಿದ್ದ ಹಾಗೆ, ಉಗುರಿನಷ್ಟೇ ದಪ್ಪ. ಎರಡು ಸಲ ಹೆಚ್ಚು ಉಜ್ಜಿದರೆ ಹೋಯಿತು, ಅದನ್ನು ಯಾರೂ ಹಿಂದಕ್ಕೆ ತರಲಾರರು.

ಮರುದಿನ ಬೆಳಿಗ್ಗೆ ಕೆಲಸ ಶುರುವಾಯಿತು. ಬಣ್ಣ ಕರಗಿಸುವ ಔಷಧದ ಘಾಟಿಗೆ ಅವ್ವ ಕೆಮ್ಮುತ್ತ ಪಕ್ಕದ ಮನೆಗೆ ಹೋಗಿ ಕೂತಳು. ನಾನು ಮಿಸ್ತ್ರಿಯ ಬೆನ್ನ ಹಿಂದೆಯೇ ನಿಂತಿದ್ದೆ. ಅವರ ಕೈಯ ಚಪ್ಪಟೆ ಉಳಿ ಸರಿದಲ್ಲೆಲ್ಲ ಹಸಿರು ಸುಕ್ಕುಗಟ್ಟಿ ಏಳುತ್ತಿತ್ತು, ಅದರಡಿಯಿಂದ ಕಂದು ಬಣ್ಣ. ಬಟ್ಟೆಯಿಂದ ಒರೆಸಿದಾಗ ಆ ಹೊಗೆಯ ಗೆರೆಗಳು ಕಂಡವು. ನನಗೆ ಗೊತ್ತಿಲ್ಲದೆ ಸಿಂಕಿನ ಹತ್ತಿರ ಹೋಗಿ ಕೈ ತೊಳೆದುಕೊಂಡು ಬಂದು ಮುಟ್ಟಿದೆ.

ಎರಡನೇ ದಿನ ಮಧ್ಯಾಹ್ನ ಕುಕ್ಕರಿನ ಕಲೆ ತೆಗೆಯುವಾಗ ಮಿಸ್ತ್ರಿ ಥಟ್ಟನೆ ಕೈ ತಡೆದರು. ಒಂದು ರೂಪಾಯಿ ನಾಣ್ಯದಷ್ಟು ಜಾಗ ಪೇಲವವಾಗಿ ಬೆಳ್ಳಗಾಗಿತ್ತು. ಚರ್ಮ ಹರಿದಿತ್ತು. ಹೀಗೇ ಹಸಿರಾಗಿಯೇ ಬಿಟ್ಟಿದ್ದರೆ ಆಗುತ್ತಿತ್ತಲ್ಲ, ನಾನೇ ಮುಂದೆ ನಿಂತು ಹಾಳು ಮಾಡಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಮಿಸ್ತ್ರಿ ಒಂದು ಬೀಡಿ ಸೇದಿ ಬಂದು, ಸಣ್ಣ ಕುಂಚದಿಂದ ಕೂದಲೆಳೆಯಂಥ ಗೆರೆಗಳನ್ನು ಆ ಜಾಗದ ಮೇಲೆ ಒಂದೊಂದಾಗಿ ಎಳೆಯತೊಡಗಿದರು. ಒಂದು ಗಂಟೆ ಹಿಡಿಯಿತು. ಗೊತ್ತಿಲ್ಲದವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ನನ್ನ ಕಣ್ಣಿಗೆ ಬೇರೆ ಏನೂ ಬೀಳುತ್ತಿರಲಿಲ್ಲ.

ಮೂರನೇ ದಿನ ಕೊಯ್ದ ಕಾಲುಗಳಿಗೆ ಸಾಗವಾನಿಯ ತುಂಡು ಜೋಡಿಸಿ ಬಣ್ಣ ಹೊಂದಿಸಿದರು. ಕಪಾಟು ತನ್ನ ಹಳೇ ಎತ್ತರಕ್ಕೆ ನಿಂತಿತು. ನಿಂತ ಕೂಡಲೇ ಕಿಟಕಿ ತೆರೆಯದಾಯಿತು.

ಅವ್ವ ಡಬ್ಬಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಡುಗೆಮನೆಯ ಅಟ್ಟಕ್ಕೆ ಹಾಕಿಸಿದಳು. ಖಾನೆಗಳನ್ನು ಸೀಗೆಪುಡಿ ಹಾಕಿ ಒರೆಸಿದಳು.

“ನಾವು ಇದನ್ನ ಬಳಸೇ ಇಲ್ಲ ಅಂತ ಹೇಳೂಣು,” ಎಂದಳು.

“ಸುಳ್ಳು ಯಾಕವ್ವ?”

“ನೀ ಸುಮ್ನಿರು. ನಾ ಹೇಳ್ತೀನಿ. ನೀ ಮಾತಾಡಬ್ಯಾಡ.”

ಭಾನುವಾರ ಹನ್ನೊಂದಕ್ಕೆ ಬರುತ್ತೇವೆ ಎಂದಿದ್ದರು. ಅವ್ವ ಎಂಟಕ್ಕೇ ಇಳಕಲ್ ಸೀರೆ ಉಟ್ಟು ಕೂತಳು. ಏಪ್ರಿಲ್ ತಿಂಗಳು. ಮುಚ್ಚಿದ ಕಿಟಕಿಯ ಕೋಣೆಯಲ್ಲಿ ಪಾಲಿಶಿನ ವಾಸನೆ, ಸೆಕೆ. ಪ್ರತಿ ಆಟೋದ ಸದ್ದಿಗೂ ನಾನು ಬಾಲ್ಕನಿಗೆ ಹೋಗಿ ಬಂದೆ. ಹನ್ನೆರಡಾಯಿತು. ಬರುವುದಿಲ್ಲವೇನೋ ಎಂಬ ಆಸೆ ಚಿಗುರುವ ಹೊತ್ತಿಗೆ ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿತು. ಎರಡು ಮೆಟ್ಟಿಲಿಗೊಮ್ಮೆ ನಿಲ್ಲುತ್ತ, ಮತ್ತೆ ಶುರುವಾಗುತ್ತ.

ಆಪಾ ಬಾಗಿಲಲ್ಲಿ ನಿಂತಾಗ ನಾನು ಗುರುತು ಹಿಡಿಯಲಿಲ್ಲ. ನನ್ನ ನೆನಪಿನಲ್ಲಿ ಎತ್ತರದ, ನೆಟ್ಟಗಿನ ಹೆಂಗಸು. ಇವರು ನನ್ನ ಭುಜದಷ್ಟಿದ್ದರು. ಹಿಂದೆ ಐವತ್ತರ ಆಸುಪಾಸಿನ ಸೋದರಸೊಸೆ, ಫೋನ್ ಮಾಡಿದ ಅಣ್ಣನ ಮಗಳು, ಅವರ ತೋಳು ಹಿಡಿದಿದ್ದಳು. ಅವ್ವನನ್ನು ನೋಡಿ ಆಪಾ, “ಮುದುಕಿ ಆಗಿಬಿಟ್ಯಲ್ಲ!” ಎಂದರು. ಇಬ್ಬರೂ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಅತ್ತರು. ಅಪ್ಪನ ಸಂಗತಿ ಕೇಳಿದರು. ಅಣ್ಣ ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದ ಕಥೆ ಹೇಳಿದರು. ಅವನ ಆರೈಕೆಯಲ್ಲಿ ತಮ್ಮ ವಯಸ್ಸು ಕಳೆಯಿತು, ನಮ್ಮ ಹೊಸ ವಿಳಾಸವೂ ತಿಳಿಯಲಿಲ್ಲ ಎಂದರು. ಈಗ ಸೊಸೆಯ ಮನೆಯಲ್ಲಿ ತಮ್ಮದೊಂದು ಕೋಣೆ ಇದೆಯಂತೆ. ಇಷ್ಟೆಲ್ಲ ಮಾತಾಡುವಾಗ ಕಪಾಟಿನ ಕಡೆ ಒಂದು ಸಲವೂ ನೋಡಲಿಲ್ಲ.

ಸೊಸೆ ದುಪಟ್ಟಾದಿಂದ ಗಾಳಿ ಹಾಕಿಕೊಳ್ಳುತ್ತ ಕಿಟಕಿ ತೆರೆಯಬಹುದೇ ಎಂದು ಕೇಳಿದಳು.

“ಅದು ಕೆಟ್ಟದ,” ಎಂದಳು ಅವ್ವ ಗಡಬಡಿಸಿ. “ತೆರೆಯಂಗಿಲ್ಲ.”

ಆಗ ಆಪಾ ಕಿಟಕಿಯ ಕಡೆ ತಿರುಗಿದರು. ಕೋಲೂರಿ ಎದ್ದು ಕಪಾಟಿನ ಹತ್ತಿರ ಹೋದರು. ಅಂಗೈಯನ್ನು ನೆತ್ತಿಯ ಮೇಲೆ ಇಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸಿದರು. ನಾಣ್ಯದಷ್ಟರ ಆ ಜಾಗದ ಮೇಲೂ ಅವರ ಕೈ ಹಾದುಹೋಯಿತು.

“ನಾವು ಇದನ್ನ ಮುಟ್ಟಿಲ್ಲರಿ ಆಪಾ,” ಎಂದಳು ಅವ್ವ. “ನೀವು ಇಟ್ಟಂಗ ಇಟ್ಟೇವಿ.”

ಆಪಾ ಮೇಲಿನ ಖಾನೆ ಎಳೆದರು. ಬಗ್ಗಿ ನೋಡಿದರು. ಮತ್ತೊಮ್ಮೆ ಬಗ್ಗಿ ಮೂಸಿದರು.

“ಇಂಗಿನ ವಾಸನಿ ಬರ್ಲಿಕತ್ತದ,” ಎಂದರು.

ಅವ್ವನ ಮುಖ ನೋಡಲು ನನ್ನಿಂದಾಗಲಿಲ್ಲ. ಅವಳು ಕೂತಲ್ಲಿಂದ ಎದ್ದು, ಎಪ್ಪತ್ತೊಂದು ವರ್ಷದವಳು, ನೆಲದ ಮೇಲೆ ಮಂಡಿಯೂರಿ ಕೂತು, ಕಪಾಟಿನ ಕಾಲಿಗೆ ಬೆರಳಿಟ್ಟು ತೋರಿಸಿದಳು.

“ಸುಳ್ಳು ಹೇಳಿದೆರಿ ಆಪಾ. ಇಲ್ಲಿ ನೋಡ್ರಿ. ಇದನ್ನ ಕೊಯ್ದೇವಿ. ಕಿಟಕಿ ತೆರೀತಿರಲಿಲ್ಲ ಅಂತ ನಮ್ಮವರು ಕೊಯ್ದರು, ನಾ ಬ್ಯಾಡ ಅನಲಿಲ್ಲ. ಇದು ಜೋಡಿಸಿದ ಕಾಲು. ಹಸಿರು ಬಣ್ಣ ಹಚ್ಚಿದ್ವಿ. ಕುಕ್ಕರ್ ಇಟ್ಟು ಸುಟ್ಟಾಕಿ ನಾನ. ಹಿಟ್ಟು ಬ್ಯಾಳಿ ಎಲ್ಲಾ ಇದರಾಗ ಇಟ್ಟೀನಿ. ಮೊನ್ನೆ ಮೊನ್ನೆ ತೊಳಿಸಿ ನಿಲ್ಲಿಸೇವಿ. ನೀವು ಕೊಟ್ಟ ಕೀಲೀನೂ ನಾ ಕಳಕೊಂಡೆ.”

“ಇಲ್ಲ,” ಎಂದೆ ನಾನು. ಮಾತಾಡಬಾರದೆಂದಿದ್ದವಳ ಬಾಯಿಂದ ತಾನಾಗಿ ಬಂತು. “ಕೀಲಿ ಕಳದಾಕಿ ನಾನು. ಆಟಕ್ಕಂತ ಒಯ್ದು ಗಟಾರದಾಗ ಬೀಳಿಸಿದ್ದೆ. ಹೇಳಾಕ ಅಂಜಿ ಸುಮ್ಮನಾಗಿದ್ದೆ.”

ಅವ್ವ ನೆಲದಿಂದಲೇ ತಲೆಯೆತ್ತಿ ನನ್ನನ್ನು ನೋಡಿದಳು. ಮನೆಯಲ್ಲಿ ಏನೇ ಕಾಣೆಯಾದರೂ ‘ನಾ ಕಳಕೊಳ್ಳಾಕಿನ ಅದೀನಿ’ ಎನ್ನುವುದು ಅವಳ ಅಭ್ಯಾಸವಾಗಿತ್ತು. ಅದು ಆ ಕೀಲಿಯಿಂದ ಶುರುವಾದದ್ದೆಂದು ನನಗೆ ಹೊಳೆದದ್ದು ಆ ಕ್ಷಣದಲ್ಲಿ.

ಆಪಾ ಹೋಗಿ ಮಂಚದ ಮೇಲೆ ಕೂತರು. ಕೋಲನ್ನು ಮಂಡಿಗೆ ಒರಗಿಸಿಕೊಂಡರು. ನಾನು ಕಾದದ್ದು ನಗುವಿಗೆ, ಇಲ್ಲವೇ ‘ಹೋಗಲಿ ಬಿಡು’ ಎಂಬ ಮಾತಿಗೆ. ಎರಡೂ ಬರಲಿಲ್ಲ.

“ನನಗ ಸಿಟ್ಟು ಬಂದದ,” ಎಂದರು. “ಕಾಲು ಕೊಯ್ಯಬಾರದಿತ್ತು. ಅಬ್ಬಾಜಾನ್ ಆ ಕಾಲಿನ ಸಲುವಾಗಿ ಬಡಗಿ ಜೋಡಿ ಮೂರು ಸಲ ಜಗಳ ಆಡಿದ್ರು.”

“ಹೌದರಿ,” ಎಂದಳು ಅವ್ವ.

“ಮೂವತ್ತು ವರ್ಷದ ಮ್ಯಾಲಾತು. ಬೀಸಾಕಬೇಕಿತ್ತು ನೀ. ಮಾರಬೇಕಿತ್ತು. ಯಾಕ ಹೊತ್ಕೊಂಡು ತಿರಿಗಿದಿ?”

“ನೀವು ಬರ್ತೀನಿ ಅಂದಿದ್ರಿ,” ಎಂದಳು ಅವ್ವ.

ಆಪಾ ಕೈ ಚಾಚಿದರು. ಅವ್ವ ಆ ಕೈ ಹಿಡಿದು ನೆಲದಿಂದ ಎದ್ದು ಪಕ್ಕದಲ್ಲಿ ಕೂತಳು. ನಾನು ಚಹಾ ಮಾಡಲು ಒಳಗೆ ಹೋದೆ. ಹಾಲು ಉಕ್ಕಿ ಚೆಲ್ಲಿತು, ಬೆಂಕಿ ಸಣ್ಣ ಮಾಡುವುದೂ ತೋಚಲಿಲ್ಲ.

ಚಹಾ ತಂದಾಗ ಸೊಸೆ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಳು. ಮುಗಿಸಿ ನನಗೆ ಹೇಳಿದಳು, ಮಂಗಳವಾರ ಬೆಳಿಗ್ಗೆ ಟೆಂಪೋ ಬರುತ್ತದೆ, ಕಪಾಟನ್ನು ಪುಣೆಗೆ ಒಯ್ಯುತ್ತೇವೆ ಎಂದು.

ಆಗ ನನಗೆ ತಿಳಿಯಿತು, ಈ ಒಂದು ವಾರ ನಾನು ಅಂಜಿದ್ದು ಬೈಗುಳಕ್ಕಷ್ಟೇ ಅಲ್ಲ. ಹಸಿರಿನ ಅಡಿಯಿಂದ ಅದು ಎದ್ದು ಬಂದಂದಿನಿಂದ ಒಳಗೊಳಗೇ ಒಂದು ಲೆಕ್ಕ ಹಾಕಿಕೊಂಡಿದ್ದೆ. ಇಷ್ಟು ವಯಸ್ಸಾದವರು ಇದನ್ನು ಎಲ್ಲಿಗೆ ಒಯ್ಯುತ್ತಾರೆ, ನೀವೇ ಇಟ್ಟುಕೊಳ್ಳಿ ಎಂದಾರು, ಅದು ನಮ್ಮದೇ ಆದೀತು ಎಂದು. ನಾಚಿಕೆ ಬಿಟ್ಟು ಹೇಳಿಯೇಬಿಟ್ಟೆ, “ಅಷ್ಟು ದೂರ ಹಾದ್ಯಾಗ ಪೆಟ್ಟು ಬೀಳ್ತೈತಿ. ಮ್ಯಾಲಿನ ಪದರ ಭಾಳ ತೆಳ್ಳಗೈತಿ. ಇಲ್ಲೇ ಇದ್ರ...”

ಅವ್ವ ನನ್ನ ಮಾತು ಮುಗಿಯಗೊಡಲಿಲ್ಲ. “ಅವರ ಸಾಮಾನು ಅವರು ಒಯ್ಯಲಿ. ನೀ ಒಳಗ ಹೋಗಿ ಬಿಸ್ಕೀಟ್ ತಾ.”

ಆಪಾ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಅರ್ಥವಾಗಿತ್ತು ಎಂದು ಈಗಲೂ ನನ್ನ ಅನುಮಾನ. ಅರ್ಥವಾಗಿಯೂ ಕೊಡಲಿಲ್ಲ. ಆ ದಿನ ನನಗೆ ಅದು ಕಠಿಣವೆನಿಸಿತು. ಈಗ ಹಾಗನ್ನಿಸುವುದಿಲ್ಲ. ತಂದೆ ಮಾಡಿಸಿಕೊಟ್ಟದ್ದು ಅದೊಂದೇ ಅವರಿಗೆ ಉಳಿದಿತ್ತು.

ಮಂಗಳವಾರ ಮತ್ತೆ ರಜೆ ಹಾಕಿದೆ. ನಾಲ್ವರು ಹಮಾಲರು ಮೆಟ್ಟಿಲ ತಿರುವಿನಲ್ಲಿ ಕಪಾಟನ್ನು ಓರೆ ಮಾಡಿದಾಗ ನಾನು ಗೋಡೆಗೆ ಕೈ ಅಡ್ಡ ಇಟ್ಟು ನಿಂತಿದ್ದೆ. ಅವ್ವ ತನ್ನ ಕೌದಿಗಳೆರಡನ್ನು ತಂದು ಅದಕ್ಕೆ ಸುತ್ತಿಸಿದಳು. ಅವಳೇ ಹೊಲಿದ ಕೌದಿಗಳು. ಡ್ರೈವರನಿಗೆ ತೆಲುಗಿನಲ್ಲಿ ಹತ್ತು ಸಲ ಹೇಳಿದಳು, “ಮೆಲ್ಲಗಾ, ನಾಯನಾ, ಮೆಲ್ಲಗಾ.” ಟೆಂಪೋ ಬೀದಿಯ ತಿರುವು ದಾಟುವವರೆಗೆ ನಿಂತು, ಮೇಲೆ ಬಂದು, ಎರಡು ರೊಟ್ಟಿ ಹಾಕಿಸಿಕೊಂಡು ಪುಂಡಿಪಲ್ಯೆಯ ಜೊತೆ ತಿಂದಳು. ಮೂರನೆಯದನ್ನೂ ಕೇಳಿದಳು.

“ಒಂದು ಬ್ಯಾನಿ ಕಳೀತು,” ಎಂದಳು.

ನನ್ನದು ಅಷ್ಟು ಸುಲಭವಾಗಿ ಕಳೆಯಲಿಲ್ಲ. ಎರಡು ದಿನ ಫೋನ್ ಬರಲಿಲ್ಲ. ಬೆಲ್ಟಿನ ಮುಂದೆ ನಿಂತು ಸೊಲ್ಲಾಪುರದ ಹಾದಿಯ ಗುಂಡಿಗಳನ್ನು ಎಣಿಸುತ್ತಿದ್ದೆ. ಮೂರನೇ ದಿನ ಸೊಸೆ ಒಂದು ಫೋಟೋ ಕಳಿಸಿದಳು. ಬಿಳಿ ಗೋಡೆಯ ಎದುರು ಕಪಾಟು, ಅದರ ಪಕ್ಕ ಕುರ್ಚಿಯಲ್ಲಿ ಆಪಾ. ನಾನು ಚಿತ್ರವನ್ನು ದೊಡ್ಡದು ಮಾಡಿ ಒಂದೊಂದು ಮೂಲೆಯನ್ನೂ ನೋಡಿದೆ. ಎಡಗಡೆಯ ಹಿಂದಿನ ಕಾಲು ಕಾಣುತ್ತಿರಲಿಲ್ಲ.

ಈಗ ಶುಕ್ರವಾರ ಶುಕ್ರವಾರ ಅವರಿಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ, ಮಂಡಿನೋವು, ಬಿಪಿ, ಹುಣಸೆಹಣ್ಣು. ಮೊನ್ನೆ ಅವ್ವ ಫೋನಿನ ಮೇಲೆ ಕೈ ಮುಚ್ಚಿ ನನ್ನ ಕಡೆ ತಿರುಗಿ, “ಆ ಕೌದಿ ತಿರುಗಿ ಕಳಿಸಬೇಕೇನು ಅಂತ ಕೇಳಾಕತ್ತಾರ,” ಎಂದಳು.

“ಏನಂತ ಹೇಳ್ತಿ?”

ಅವ್ವ ಸ್ವಲ್ಪ ಯೋಚಿಸಿ, ಫೋನನ್ನು ಮತ್ತೆ ಕಿವಿಗೆ ಹಿಡಿದಳು. “ಬ್ಯಾಡರಿ ಆಪಾ, ಹೊದ್ಕೊಳ್ರಿ,” ಎಂದಳು. “ಹರೀಲಿ, ಏನಾಕೈತಿ.”